ಗೋಡೆ ಮೇಲಿನ ಡಬ್ಬಿ ಸುಳ್ಳು ಹೇಳುತ್ತೆ

1/8

ಮೊದಲ ಫೋಟೋದಲ್ಲಿ ಕಿತ್ತಳೆ ಬಣ್ಣಕ್ಕೆ ಹೊಳೀತಿರೋದು ನಮ್ಮ ಮನೆಯ ಸ್ಮಾರ್ಟ್ ಥರ್ಮೋಸ್ಟಾಟ್. ಅದರ ಮೇಲೆ 'ಹೀಟಿಂಗ್' ಅಂತ ಬರೆದಿದೆ, ಕಾಣ್ತಿದೆಯಲ್ವಾ? ಗುರಿ 70 ಡಿಗ್ರಿ ಫ್ಯಾರನ್‌ಹೀಟ್. ಅದರ ಕೆಳಗೆ ಚಿಕ್ಕ ಅಂಕಿಯಲ್ಲಿ ಮನೆಯೊಳಗಿನ ನಿಜವಾದ ತಾಪಮಾನ: 54. ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ 12. ಹೊರಗೆ ಮೈನಸ್ 28 ಸೆಲ್ಸಿಯಸ್. ಕಳೆದ ಜನವರಿ, ಮಿನಿಯಾಪೊಲಿಸ್ ಹತ್ತಿರದ ನಮ್ಮ ಮನೆ, ರಾತ್ರಿ ಎರಡು ಗಂಟೆ.

ಎರಡನೇ ಫೋಟೋ ಅಮ್ಮನ ಶಾಲು. ಅಮ್ಮನದೇ ಫೋಟೋ ಹಾಕೋಕೆ ಪರ್ಮಿಷನ್ ಸಿಗಲಿಲ್ಲ. ತೀರ್ಥಹಳ್ಳಿ ಕಡೆಯಿಂದ ಆರು ತಿಂಗಳಿಗೆ ಅಂತ ಬಂದಿದ್ರು, ವಯಸ್ಸು 71. ಆ ರಾತ್ರಿ ಎದ್ದು ಕೂತು ಒಂದೇ ಮಾತು ಕೇಳಿದ್ರು: "ಉರಿ ಹತ್ತಿದೆಯಾ ನೋಡಿದ್ಯೇನೋ?"

ನಾನು ಫೋನ್ ತೋರಿಸಿ, "ಅಮ್ಮಾ, ಆಪ್‌ನಲ್ಲಿ ಹೀಟಿಂಗ್ ಅಂತಿದೆ, ಸ್ವಲ್ಪ ಹೊತ್ತಲ್ಲಿ ಬೆಚ್ಚಗಾಗುತ್ತೆ" ಅಂದೆ. ಹದಿನೈದು ವರ್ಷದಿಂದ ಸಾಫ್ಟ್‌ವೇರ್ ಬರೆಯೋ ಮನುಷ್ಯ ನಾನು. ಆ ಮಾತು ಆಡಿದ್ದಕ್ಕೆ ಇವತ್ತಿಗೂ ನಾಚಿಕೆ ಆಗುತ್ತೆ. ಈ ಸರಣಿ ಬರೀತಿರೋದು ಅದಕ್ಕೇ. ನಿಮ್ಮಲ್ಲಿ ಅರ್ಧ ಜನರ ಗೋಡೆ ಮೇಲೆ ಇದೇ ಡಬ್ಬಿ ಇದೆ, ನೀವೂ ಇದನ್ನೇ ನಂಬ್ತೀರಿ.

ಜಗಳ ಆಡೋಕೇ ಬಂದಿದ್ದೀನಿ. ಕಾಮೆಂಟ್ ತೆರೆದಿದೆ.

2/8

ಮೊದಲು ಒಂದು ವಿಷಯ ತಲೆಯಲ್ಲಿ ಕೂರಿಸಿಕೊಳ್ಳಿ. ಥರ್ಮೋಸ್ಟಾಟ್ ನಿಮ್ಮ ಮನೆಯನ್ನ ಬೆಚ್ಚಗೆ ಮಾಡೋದಿಲ್ಲ. ಅದೊಂದು ಸ್ವಿಚ್, ಅಷ್ಟೇ. ಬೆಚ್ಚಗೆ ಮಾಡೋದು ಬೇಸ್‌ಮೆಂಟಿನಲ್ಲಿರೋ ಫರ್ನೇಸ್. ಗೋಡೆಯ ಡಬ್ಬಿಯಿಂದ ಕೆಳಗಿನ ಫರ್ನೇಸಿಗೆ ನಾಲ್ಕೋ ಐದೋ ತೆಳು ತಂತಿಗಳು ಹೋಗುತ್ತವೆ. 'ಆರ್' ಅನ್ನೋ ತಂತಿಯಲ್ಲಿ 24 ವೋಲ್ಟ್ ಬರುತ್ತೆ. ಚಳಿ ಆದಾಗ ಡಬ್ಬಿ ಅದನ್ನ 'ಡಬ್ಲ್ಯೂ' ತಂತಿಗೆ ಸೇರಿಸುತ್ತೆ. ಕೆಳಗಿನ ಬೋರ್ಡಿಗೆ 'ಬಿಸಿ ಬೇಕಂತೆ' ಅಂತ ಗೊತ್ತಾಗುತ್ತೆ. ಸಾಮಾನ್ಯ ಗ್ಯಾಸ್ ಫರ್ನೇಸಿನಲ್ಲಿ ಇಬ್ಬರ ನಡುವೆ ನಡೆಯೋ ಸಂಭಾಷಣೆ ಇಷ್ಟೇ.

ಗಮನಿಸಿ, ಕೆಳಗಿನಿಂದ ಮೇಲಕ್ಕೆ ಉತ್ತರ ಬರೋದೇ ಇಲ್ಲ. ಬರೋಕೆ ತಂತಿಯೇ ಇಲ್ಲ. ಉರಿ ಹತ್ತಿತೋ, ಆರಿತೋ, ಗ್ಯಾಸ್ ಬಂತೋ ಇಲ್ಲವೋ, ಡಬ್ಬಿಗೆ ಗೊತ್ತಿಲ್ಲ. ಹಾಗಿದ್ದ ಮೇಲೆ 'ಹೀಟಿಂಗ್' ಅಂತ ಯಾವ ಧೈರ್ಯದ ಮೇಲೆ ಬರೀತು? ಕೇಳಿದ್ದೀನಿ ಅನ್ನೋದನ್ನೇ ಆಗಿದೆ ಅಂತ ಬರೀತು. ಹೋಟೆಲಲ್ಲಿ ಸಪ್ಲೈಯರ್ ಅಡುಗೆಮನೆ ಕಡೆ ತಿರುಗಿ 'ಒಂದು ಮಸಾಲೆ' ಅಂತ ಕೂಗಿದ ತಕ್ಷಣ ನಿಮ್ಮ ಬಿಲ್ಲಿನ ಮೇಲೆ 'ದೋಸೆ ತಿಂದಾಯ್ತು' ಅಂತ ಬರೆದ ಹಾಗೆ. ಒಲೆ ಆರಿ ಹೋಗಿದೆ, ಭಟ್ಟರು ಮನೆಗೆ ಹೋಗಿದ್ದಾರೆ, ನೀವು ಕೈ ತೊಳೆದು ಕೂತಿದ್ದೀರಿ.

'ಶಾಖ ಕೇಳಲಾಗಿದೆ' ಅಂತ ಬರೆಯಬಹುದಿತ್ತು. ಅರ್ಧ ಗಂಟೆ ಕೇಳಿದರೂ ಕೋಣೆಯ ತಾಪಮಾನ ಇಳೀತಾನೇ ಇದ್ದರೆ 'ಕೆಳಗೆ ಏನೋ ಸರಿಯಿಲ್ಲ, ಹೋಗಿ ನೋಡಿ' ಅಂತ ಫೋನಿಗೆ ಹೇಳಬಹುದಿತ್ತು. ಅದಕ್ಕೆ ಬೇಕಾದ ಥರ್ಮಾಮೀಟರ್ ಅದರ ಹೊಟ್ಟೆಯಲ್ಲೇ ಇದೆ, ಗಡಿಯಾರವೂ ಇದೆ. ಕೆಲವು ಕಂಪನಿಯವರು ಈಗೀಗ ಇದನ್ನ ಮಾಡ್ತಿದ್ದಾರೆ ಕೂಡ. ನನ್ನ ಡಬ್ಬಿ ಮಾತ್ರ ರಾತ್ರಿಯೆಲ್ಲ ಸುಮ್ಮನಿದ್ದು, ಬೆಳಿಗ್ಗೆ 'ಅಭಿನಂದನೆ, ಈ ವಾರ ನೀವು ಇಂಧನ ಉಳಿಸಿದ್ದೀರಿ' ಅಂತ ಹಸಿರೆಲೆ ಚಿತ್ರ ಕಳಿಸಿತು. ಉಳೀತು ನೋಡಿ, ಉರಿಯೇ ಹತ್ತಿರಲಿಲ್ಲ!

3/8

ರಾತ್ರಿ ಎರಡೂವರೆಗೆ ಕಂಪನಿಯ ಸಹಾಯದ ಚಾಟ್ ತೆರೆದೆ. ವೈಫೈ ರೀಸ್ಟಾರ್ಟ್ ಮಾಡಿ ಅಂದ್ರು, ಮಾಡಿದೆ. ಆಪ್ ತೆಗೆದು ಮತ್ತೆ ಹಾಕಿ ಅಂದ್ರು, ಹಾಕಿದೆ. ಕೊನೆಗೆ ಫ್ಯಾಕ್ಟರಿ ರೀಸೆಟ್. ಸ್ವಾಮಿ, 'ಆರ್' ಮತ್ತು 'ಡಬ್ಲ್ಯೂ' ಸೇರಿಸೋ ಕೆಲಸಕ್ಕೂ ವೈಫೈಗೂ ಸಂಬಂಧ ಏನು? ಇಂಟರ್ನೆಟ್ ಇಲ್ಲದಿದ್ದರೂ ಫರ್ನೇಸ್ ಉರಿಯುತ್ತೆ. ನಲವತ್ತು ನಿಮಿಷದಲ್ಲಿ 'ಫರ್ನೇಸ್ ಹತ್ತಿರ ಹೋಗಿ ನೋಡಿದ್ರಾ?' ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದು ಅಮ್ಮ ಮಾತ್ರ.

ಬೆಳಿಗ್ಗೆ ರಿಪೇರಿಯವನು ಬಂದ. ಡಬ್ಬಿ ನೋಡಿ, "ಥರ್ಮೋಸ್ಟಾಟ್ ಹೋಗಿದೆ, ಹೊಸ ಮಾಡೆಲ್ ಹಾಕಿಬಿಡೋಣ" ಅಂದ. ಹಾಕಿಸಿದೆ. ಬಿಲ್ ಎಷ್ಟು ಅಂತ ಹೇಳಲ್ಲ, ಹೆಂಡತಿ ಈ ಪೇಜ್ ಓದ್ತಾಳೆ. ಹಾಕಿದ ಐದು ನಿಮಿಷಕ್ಕೆ ಬಿಸಿ ಗಾಳಿ ಬಂತು, ಕೈ ಮುಗಿದು ಕಳಿಸಿದೆ. ಸಂಜೆ ಏಳಕ್ಕೆ ಮತ್ತೆ ತಣ್ಣಗೆ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಇಲ್ಲಿನ ಎಷ್ಟೋ ಮನೆಗಳಲ್ಲಿ 'ಹೊಸ ಥರ್ಮೋಸ್ಟಾಟ್ ಹಾಕಿದ್ಮೇಲೆ ಸರಿ ಹೋಯ್ತು' ಅನ್ನೋ ಕಥೆ ಹುಟ್ಟೋದು ಇಲ್ಲೇ. ಫರ್ನೇಸ್ ಉರಿ ಹತ್ತಿಸೋಕೆ ಪ್ರಯತ್ನಿಸಿ ಕೆಲವು ಸಲ ಸೋತರೆ ಸುರಕ್ಷತೆಗೆ ಅಂತ ತನ್ನನ್ನೇ ಲಾಕ್ ಮಾಡಿಕೊಳ್ಳುತ್ತೆ. ಆ ಲಾಕ್ ಬಿಡಿಸೋ ಸುಲಭದ ದಾರಿ ಕರೆಂಟ್ ತೆಗೆದು ಹಾಕೋದು. ಹೊಸ ಡಬ್ಬಿ ಕೂರಿಸೋ ಮೊದಲು ರಿಪೇರಿಯವನು ಏನು ಮಾಡ್ತಾನೆ? ಫರ್ನೇಸಿನ ಕರೆಂಟ್ ತೆಗೀತಾನೆ. ಕೂರಿಸಿದ ಮೇಲೆ ಹಾಕ್ತಾನೆ. ಲಾಕ್ ಬಿಡ್ತು, ಉರಿ ಹತ್ತಿತು, ಪುಣ್ಯ ಹೊಸ ಡಬ್ಬಿಗೆ ಹೋಯ್ತು. ಜ್ವರದವನಿಗೆ ಅಂಗಿ ಬದಲಾಯಿಸಿ, ಬೆವರಿದಾಗ 'ಅಂಗಿಯಿಂದ ವಾಸಿ ಆಯ್ತು' ಅಂದ ಹಾಗೆ.

ಅವನು ಮೋಸಗಾರ ಅಂತ ನಾನು ಹೇಳ್ತಿಲ್ಲ. ಆ ಚಳಿಯಲ್ಲಿ ದಿನಕ್ಕೆ ಹತ್ತು ಮನೆ ಸುತ್ತುತ್ತಿದ್ದ ಪಾಪ. ಆದರೆ ಡಬ್ಬಿ ಮಾರೋದು ಸುಲಭ, ಬಗ್ಗಿ ನೋಡೋದು ಕಷ್ಟ.

4/8

ನಮ್ಮೂರ ಬಚ್ಚಲೊಲೆ ಗೊತ್ತಿರೋರಿಗೆ ಇದು ಬೇಗ ಅರ್ಥ ಆಗುತ್ತೆ. ಹಂಡೆ ನೀರು ಕಾಯದಿದ್ದರೆ ಅಮ್ಮ ಹಂಡೆ ಬೈಯಲ್ಲ. ಬಗ್ಗಿ ಒಲೆಯ ಬಾಯಿ ನೋಡ್ತಾರೆ. ಕಟ್ಟಿಗೆ ಹಸಿಯೋ, ಬೂದಿ ಕಟ್ಟಿದೆಯೋ, ಹೊಗೆ ಹೋಗೋಕೆ ದಾರಿ ಇದೆಯೋ. ಫರ್ನೇಸ್ ಬೇರೆ ಏನಲ್ಲ. ಅದಕ್ಕೂ ಒಂದು ಬಾಯಿ ಇದೆ: ಮುಂದಿನ ಬಾಗಿಲಲ್ಲಿ ಚಿಕ್ಕ ಗಾಜಿನ ಕಿಂಡಿ.

ಆ ಸಂಜೆ ಅಮ್ಮ ರೇಲಿಂಗ್ ಹಿಡಿದು ಮೆಟ್ಟಿಲಿಳಿದು ಬೇಸ್‌ಮೆಂಟಿಗೆ ಬಂದ್ರು. ಇಬ್ಬರೂ ಕಿಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತ್ವಿ. ಮೊದಲು ಒಂದು ಚಿಕ್ಕ ಫ್ಯಾನ್ ಗುಂಯ್ ಅಂತ ತಿರುಗಿತು, ಹೊಗೆ ಎಳೆಯೋಕೆ. ಆಮೇಲೆ ಒಳಗೆ ಏನೋ ಕೆಂಪಗೆ ಕಾಯ್ತು. ಗ್ಯಾಸ್ ಬಂತು, ನೀಲಿ ಉರಿ ಭುಸ್ ಅಂತ ಹತ್ತಿತು. ಒಂದು, ಎರಡು, ಮೂರು, ನಾಲ್ಕು. ಆರಿತು. ಮತ್ತೆ ಮೊದಲಿನಿಂದ. ಮತ್ತೆ ಆರಿತು. "ಹತ್ತುತ್ತೆ, ನಿಲ್ಲಲ್ಲ" ಅಂದ್ರು ಅಮ್ಮ. ಇದಕ್ಕಿಂತ ನಿಖರವಾದ ರೋಗನಿರ್ಣಯ ಯಾವ ಟೆಕ್ನಿಷಿಯನ್ನೂ ಕೊಡಲ್ಲ.

ಕೆಳಗಿನ ಬಾಗಿಲಿನ ಇನ್ನೊಂದು ಕಿಂಡಿಯಲ್ಲಿ ಒಂದು ಪುಟ್ಟ ದೀಪ ಮಿನುಗ್ತಾ ಇತ್ತು. ಇಷ್ಟು ಸಲ ಮಿನುಗಿದರೆ ಇಂಥ ತೊಂದರೆ ಅಂತ ಪಟ್ಟಿ ಬಾಗಿಲಿನ ಒಳಮೈಗೆ ಅಂಟಿಸಿರ್ತಾರೆ. ಎಣಿಸಿದೆ. ಪಟ್ಟಿ ನೋಡಿದೆ. ಉರಿ ಪತ್ತೆಯಾಗುತ್ತಿಲ್ಲ ಅಂತ ಅಚ್ಚಾಗಿತ್ತು. ಹಿಂದಿನ ರಾತ್ರಿಯೂ ಅದು ಇದನ್ನೇ ಹೇಳ್ತಾ ಇತ್ತು ಅನ್ಸುತ್ತೆ. ಮೇಲೆ ನಾನು ಹೊಳೆಯೋ ಸ್ಕ್ರೀನಿಗೆ ಕಣ್ಣು ನೆಟ್ಟು ಕೂತಿದ್ದೆ.

ಕಾರಣ ಒಂದು ಲೋಹದ ಕಡ್ಡಿ. ಫ್ಲೇಮ್ ಸೆನ್ಸರ್ ಅಂತಾರೆ. ಉರಿಯೊಳಗೆ ನಿಂತು, ಉರಿಯ ಮೂಲಕ ಹರಿಯೋ ಕೆಲವೇ ಮೈಕ್ರೋ ಆಂಪಿಯರ್ ಕರೆಂಟಿನಿಂದ 'ಉರಿ ಇದೆ' ಅಂತ ಬೋರ್ಡಿಗೆ ಸಾಕ್ಷಿ ಹೇಳೋದು ಅದರ ಕೆಲಸ. ಕಡ್ಡಿಗೆ ಪದರ ಕಟ್ಟಿದರೆ ಸಾಕ್ಷಿ ತಲುಪಲ್ಲ. ಬೋರ್ಡ್ 'ಉರಿ ಇಲ್ಲ, ಆದರೂ ಗ್ಯಾಸ್ ಹೋಗ್ತಿದೆ, ಅಪಾಯ' ಅಂತ ಮುಚ್ಚಿಬಿಡುತ್ತೆ. ಮುಚ್ಚಲೇಬೇಕು, ಅದು ಸರಿ. ಕರೆಂಟ್ ತೆಗೆದು, ಗ್ಯಾಸ್ ಮುಚ್ಚಿ, ಒಂದು ಸ್ಕ್ರೂ ಬಿಚ್ಚಿ, ನಯವಾದ ಸ್ಟೀಲ್ ವುಲ್‌ನಲ್ಲಿ ಒರೆಸಿ ಹಾಕಿದೆ. ಹತ್ತು ನಿಮಿಷ. ಉರಿ ನಿಂತಿತು. ಆಗಿನಿಂದ ಈವರೆಗೆ ನಿಂತೇ ಇದೆ.

5/8

ಹಾಗಾದರೆ ನೀವೇನು ಮಾಡಬೇಕು? ಫೋನ್ ಕೆಳಗಿಡಿ. (ಇದನ್ನ ಓದಿ ಮುಗಿಸಿ ಇಡಿ.)

ಮೊದಲು ಫಿಲ್ಟರ್. ನಿಜ ಹೇಳಿ, ಕೊನೆಯ ಸಲ ಯಾವಾಗ ಬದಲಾಯಿಸಿದ್ರಿ? ಫಿಲ್ಟರ್ ಕಟ್ಟಿದರೆ ಗಾಳಿ ಹರಿಯಲ್ಲ, ಒಳಗಿನ ಕಬ್ಬಿಣ ಮಿತಿ ಮೀರಿ ಕಾಯುತ್ತೆ, ಸುರಕ್ಷತಾ ಸ್ವಿಚ್ ಉರಿ ಆರಿಸಿ ಬರೀ ಫ್ಯಾನ್ ಓಡಿಸುತ್ತೆ. ನಿಮಗೆ ತಣ್ಣನೆ ಗಾಳಿ ಬರುತ್ತೆ, ನೀವು ಥರ್ಮೋಸ್ಟಾಟ್ ಬೈತೀರಿ. ಆಮೇಲೆ ಫರ್ನೇಸ್ ಪಕ್ಕದ ಸ್ವಿಚ್. ಲೈಟಿನ ಸ್ವಿಚ್ ಥರಾನೇ ಇರುತ್ತೆ, ಬೇಸ್‌ಮೆಂಟಲ್ಲಿ ಅಕ್ಕಿ ಮೂಟೆ ಇಡೋಕೆ ಹೋದವರು ಆರಿಸಿ ಬಂದಿರ್ತಾರೆ. ಕೆಳಗಿನ ಬಾಗಿಲು ಸರಿಯಾಗಿ ಕೂತಿದೆಯಾ ನೋಡಿ, ಅದರ ಹಿಂದೆ ಒಂದು ಸ್ವಿಚ್ ಇದೆ, ಬಾಗಿಲು ಒಂದಿಷ್ಟು ಸಡಿಲ ಇದ್ದರೂ ಎಲ್ಲ ಬಂದ್. ಹೊಸ ಕಾಲದ ಫರ್ನೇಸ್ ಆಗಿದ್ದರೆ ಹೊರಗೆ ಹೋಗಿ ಗೋಡೆಯಿಂದ ಹೊರಬಂದ ಬಿಳಿ ಪಿವಿಸಿ ಪೈಪುಗಳ ಬಾಯಿಗೆ ಹಿಮ ಕಟ್ಟಿದೆಯಾ ನೋಡಿ. ಒಳಗೆ ನೀರು ಬಸಿದು ಹೋಗೋ ಕೊಳವೆ ಕಟ್ಟಿಕೊಂಡರೂ ಉರಿ ಹತ್ತಲ್ಲ.

ಒಂದು ಎಚ್ಚರಿಕೆ: ಕರೆಂಟ್ ತೆಗೆಯೋ ಮೊದಲೇ ದೀಪದ ಮಿನುಗು ಎಣಿಸಿ. ಎಷ್ಟೋ ಬೋರ್ಡುಗಳು ಕರೆಂಟ್ ಹೋದರೆ ಮರೆತುಬಿಡುತ್ತವೆ. 'ಆಫ್ ಮಾಡಿ ಆನ್ ಮಾಡಿ' ಅನ್ನೋ ನಮ್ಮ ಸಾಫ್ಟ್‌ವೇರ್ ಜಾತಿಯ ಚಟ ಇಲ್ಲಿ ಸಾಕ್ಷಿ ಅಳಿಸುತ್ತೆ.

ಇನ್ನು ತಪ್ಪು ಡಬ್ಬಿಯದೋ ಫರ್ನೇಸಿನದೋ ಅಂತ ತೀರ್ಮಾನ ಮಾಡೋ ಪರೀಕ್ಷೆ. ಫರ್ನೇಸಿನ ಕರೆಂಟ್ ತೆಗೀರಿ. ಡಬ್ಬಿಯನ್ನ ಗೋಡೆಯಿಂದ ಎಳೆದು ತೆಗೀರಿ. 'ಆರ್' ಮತ್ತು 'ಡಬ್ಲ್ಯೂ' ತಂತಿಗಳನ್ನ ಒಂದು ಚಿಕ್ಕ ತಂತಿಯಿಂದ ಸೇರಿಸಿ. ಕರೆಂಟ್ ಹಾಕಿ. ಫರ್ನೇಸ್ ಹೊತ್ತಿ ಸರಿಯಾಗಿ ಓಡಿದರೆ ತಪ್ಪು ಡಬ್ಬಿಯದು. ಹೊತ್ತದಿದ್ದರೆ ಡಬ್ಬಿಗೆ ಮಾಫಿ, ತೊಂದರೆ ಕೆಳಗಿದೆ, ಇಲ್ಲಾ ದಾರಿಯ ತಂತಿಯಲ್ಲಿದೆ. ಪರೀಕ್ಷೆ ಮುಗಿದ ಮೇಲೆ ಸೇರಿಸಿದ್ದನ್ನ ಬಿಚ್ಚೋದು ಮರೀಬೇಡಿ, ಇಲ್ಲದಿದ್ದರೆ ಮನೆ ಕಾಯ್ತಾನೇ ಇರುತ್ತೆ. ಮತ್ತೆ 'ಆರ್' ಅನ್ನ 'ಸಿ'ಗೆ ತಾಗಿಸಬೇಡಿ, ಬೋರ್ಡಿನ ಫ್ಯೂಸ್ ಹೋಗುತ್ತೆ. ಹೋದರೂ ಅದು ಕಾರಿಗೆ ಹಾಕೋ ಥರದ 3 ಅಥವಾ 5 ಆಂಪಿಯರ್ ಫ್ಯೂಸ್, ಪುಡಿಗಾಸಿನದು. ಆದರೆ ಅದು ಹೋದರೂ ಗೋಡೆಯ ಸ್ಕ್ರೀನ್ ಕಪ್ಪಾಗುತ್ತೆ, ಆಗಲೂ ನಿಮಗೆ ಹೊಸ ಥರ್ಮೋಸ್ಟಾಟ್ ಮಾರ್ತಾರೆ.

ಸುರಕ್ಷತಾ ಸ್ವಿಚ್‌ಗಳನ್ನ ಮಾತ್ರ ಬೈಪಾಸ್ ಮಾಡಬೇಡಿ. ಗ್ಯಾಸ್ ವಾಸನೆ ಬಂದರೆ ಯಾವ ಪರೀಕ್ಷೆಯೂ ಬೇಡ, ಎಲ್ಲರನ್ನೂ ಕರಕೊಂಡು ಹೊರಗೆ ಹೋಗಿ, ಅಲ್ಲಿಂದ ಫೋನ್ ಮಾಡಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಮಲಗೋ ಕೋಣೆಯ 10 ಅಡಿಯೊಳಗೆ ಇರಲೇಬೇಕು ಅಂತ ಮಿನ್ನೆಸೋಟದಲ್ಲಿ ಕಾನೂನೇ ಇದೆ. ಈಗಲೇ ಎದ್ದು ಅದರ ಬಟನ್ ಒತ್ತಿ ನೋಡಿ.

6/8

ಈಗ 'ಸಿ' ತಂತಿ. ನನ್ನ ಕೋಪ ಜಾಸ್ತಿ ಇರೋದು ಇಲ್ಲೇ.

ಹಳೇ ಥರ್ಮೋಸ್ಟಾಟ್‌ಗೆ ಕರೆಂಟ್ ಬೇಡ. ಒಳಗೆ ಲೋಹದ ಸುರುಳಿ, ಪಾದರಸದ ಗುಳ್ಳೆ. ಚಳಿಗೆ ಸುರುಳಿ ತಿರುಗಿತು, ಗುಳ್ಳೆ ವಾಲಿತು, ಪಾದರಸ ಹರಿದು ಎರಡು ತಂತಿ ಸೇರಿತು. ಹನಿವೆಲ್‌ನವರ ದುಂಡನೆಯ ಥರ್ಮೋಸ್ಟಾಟ್ 1953ರಲ್ಲಿ ಬಂತು, ಇವತ್ತಿಗೂ ಹಳೇ ಮನೆಗಳಲ್ಲಿ ಗೋಡೆ ಮೇಲೆ ಕೆಲಸ ಮಾಡ್ತಾ ಕೂತಿದೆ. (ಆ ಕಂಪನಿಯ ಬೇರು ಇದೇ ಮಿನಿಯಾಪೊಲಿಸ್‌ನಲ್ಲಿದೆ. 1885ರಲ್ಲಿ ಆಲ್ಬರ್ಟ್ ಬಟ್ಜ್ ಅನ್ನೋರು ಕಲ್ಲಿದ್ದಲ ಒಲೆಯ ಗಾಳಿಬಾಗಿಲನ್ನ ತಾನಾಗೇ ತೆರೆದು ಮುಚ್ಚೋ ಉಪಾಯ ಕಂಡುಹಿಡಿದಿದ್ದು ಇಲ್ಲೇ. ಈ ಊರಿನ ಚಳಿ ಕಂಡವರಿಗೆ ಯಾಕೆ ಅಂತ ಕೇಳೋದು ಬೇಡ.)

ಸ್ಮಾರ್ಟ್ ಡಬ್ಬಿಗೆ ಸ್ಕ್ರೀನ್ ಇದೆ, ವೈಫೈ ಇದೆ, ಇಪ್ಪತ್ನಾಲ್ಕು ಗಂಟೆ ಕರೆಂಟ್ ಬೇಕು. ಅದಕ್ಕೆ 'ಸಿ' ಅನ್ನೋ ಇನ್ನೊಂದು ತಂತಿ ಬೇಕು, ಬಂದ ಕರೆಂಟ್ ವಾಪಸ್ ಹೋಗೋ ದಾರಿ. ಹಳೇ ಮನೆಗಳಲ್ಲಿ ಅದನ್ನ ಜೋಡಿಸಿರೋದೇ ಇಲ್ಲ. 'ಸಿ ತಂತಿ ಇಲ್ಲದಿದ್ದರೂ ನಡೆಯುತ್ತೆ' ಅಂತ ಡಬ್ಬದ ಮೇಲೆ ಅಚ್ಚು ಹಾಕಿ ಮಾರ್ತಾರೆ. ಹೇಗೆ ನಡೆಯುತ್ತೆ? ಕದ್ದು. ಫರ್ನೇಸನ್ನ, ಏಸಿಯನ್ನ ಕರೆಯೋ ತಂತಿಗಳಿಂದಲೇ ಚೂರು ಚೂರು ಕರೆಂಟ್ ಎಳೆದು ತನ್ನ ಬ್ಯಾಟರಿ ತುಂಬಿಸಿಕೊಳ್ಳುತ್ತೆ. ಈ ಕಸುಬಿನವರೇ ಇದನ್ನ ಪವರ್ ಸ್ಟೀಲಿಂಗ್ ಅಂತ ಕರೀತಾರೆ, ನನ್ನ ಮಾತಲ್ಲ. ಕೆಲವು ಮನೆಗಳಲ್ಲಿ ಸುಮ್ಮನೆ ನಡೆದುಹೋಗುತ್ತೆ. ಕೆಲವು ಕಡೆ ಬೋರ್ಡ್ ಗೊಂದಲಕ್ಕೆ ಬಿದ್ದು ಟಕ್ ಟಕ್ ಅನ್ನುತ್ತೆ, ಕೆಲವು ಕಡೆ ಬ್ಯಾಟರಿ ಇಳಿದು ಡಬ್ಬಿ ಸಾಯುತ್ತೆ.

ಮದ್ದು ಸುಲಭ. ಡಬ್ಬಿ ತೆಗೆದು ಗೋಡೆಯ ತೂತಿನಲ್ಲಿ ಇಣುಕಿ. ಎಷ್ಟೋ ಸಲ ಉಪಯೋಗಿಸದೇ ಸುತ್ತಿಟ್ಟ ಐದನೇ ತಂತಿ ಇರುತ್ತೆ, ಬಹಳ ಸಲ ನೀಲಿ. ಕರೆಂಟ್ ತೆಗೆದು ಆ ತುದಿಯನ್ನ ಇಲ್ಲಿ 'ಸಿ'ಗೆ, ಈ ತುದಿಯನ್ನ ಫರ್ನೇಸ್ ಬೋರ್ಡಿನ 'ಸಿ'ಗೆ ಹಾಕಿದರೆ ಮುಗೀತು. ತಂತಿ ಇಲ್ಲದಿದ್ದರೆ 24 ವೋಲ್ಟಿನ ಪುಟ್ಟ ಅಡಾಪ್ಟರ್ ಸಿಗುತ್ತೆ. ಬಣ್ಣ ನಂಬಬೇಡಿ, ತಂತಿ ಎಲ್ಲಿ ಸಿಕ್ಕಿಸಿದೆ ಅನ್ನೋ ಅಕ್ಷರ ನಂಬಿ. ಬಿಚ್ಚೋ ಮೊದಲು ಫೋಟೋ ತೆಗೀರಿ.

ಡಬ್ಬದ ಮೇಲೆ 'ಮೊದಲು ಸಿ ತಂತಿ ಹಾಕಿಸಿ' ಅಂತ ದೊಡ್ಡದಾಗಿ ಬರೆಯೋಕೆ ಎಷ್ಟು ಮಸಿ ಬೇಕು? ಬರೆದರೆ ಅರ್ಧ ಜನ ಅಂಗಡಿಯಲ್ಲೇ ಬಿಟ್ಟು ಬರ್ತಾರೆ, ಅದಕ್ಕೇ ಬರೆಯಲ್ಲ.

7/8

ನಿಮ್ಮ ಉತ್ತರ ನನಗೆ ಗೊತ್ತು: "ಆದರೆ ದುಡ್ಡು ಉಳಿಯುತ್ತಲ್ಲ." ಅಮೆರಿಕದ ಎನರ್ಜಿ ಸ್ಟಾರ್ ಸ್ಮಾರ್ಟ್ ಥರ್ಮೋಸ್ಟಾಟ್‌ಗೆ ಹೇಳೋ ಸರಾಸರಿ ಉಳಿತಾಯ ಹೀಟಿಂಗ್ ಮತ್ತು ಕೂಲಿಂಗ್ ಬಿಲ್ಲಿನ ಸುಮಾರು 8%. ಅಲ್ಲಿನ ಇಂಧನ ಇಲಾಖೆ ಇನ್ನೊಂದು ಮಾತು ಹೇಳುತ್ತೆ: ದಿನಕ್ಕೆ 8 ಗಂಟೆ 7ರಿಂದ 10 ಡಿಗ್ರಿ ಕಡಿಮೆ ಇಟ್ಟರೆ ವರ್ಷಕ್ಕೆ 10% ವರೆಗೆ ಉಳಿಸಬಹುದು. ಅದನ್ನ ಮಾಡೋಕೆ ಒಂದು ಬೆರಳು ಸಾಕು. ಉಳಿತಾಯ ಇರೋದು ಕಡಿಮೆ ಇಡೋದರಲ್ಲಿ. ಇದೇ ಎನರ್ಜಿ ಸ್ಟಾರ್ 2009ರ ಕೊನೆಗೆ ಪ್ರೋಗ್ರಾಮೆಬಲ್ ಥರ್ಮೋಸ್ಟಾಟ್‌ಗಳಿಗೆ ತನ್ನ ಮುದ್ರೆ ಕೊಡೋದು ನಿಲ್ಲಿಸಿತ್ತು, ನಿರೀಕ್ಷಿಸಿದ ಉಳಿತಾಯ ಮನೆಗಳಲ್ಲಿ ಕಾಣಲಿಲ್ಲ ಅಂತ.

ಕೀಲಿಕೈ ಯಾರ ಹತ್ತಿರ ಇದೆ ಅನ್ನೋದೂ ನೋಡಿ. 2016ರ ಜನವರಿಯಲ್ಲಿ ನೆಸ್ಟ್ ಥರ್ಮೋಸ್ಟಾಟ್‌ಗಳ ಬ್ಯಾಟರಿ ಒಂದು ಸಾಫ್ಟ್‌ವೇರ್ ದೋಷದಿಂದ ಬರಿದಾಗಿ ಎಷ್ಟೋ ಮನೆಗಳು ನಡುಚಳಿಗಾಲದಲ್ಲಿ ತಣ್ಣಗಾದವು. 2022ರ ಆಗಸ್ಟಿನಲ್ಲಿ ಕೊಲೊರಾಡೊದಲ್ಲಿ, ಅದು ಬೇಸಿಗೆ, ರಿಯಾಯಿತಿ ಯೋಜನೆಗೆ ಸೇರಿದ್ದ ಸುಮಾರು 22,000 ವಿದ್ಯುತ್ ಗ್ರಾಹಕರಿಗೆ ತಮ್ಮದೇ ಗೋಡೆಯ ಥರ್ಮೋಸ್ಟಾಟ್ ಬದಲಾಯಿಸೋಕೆ ಕೆಲವು ಗಂಟೆ ಆಗಲಿಲ್ಲ. ಸಹಿ ಹಾಕಿದ್ದು ಅವರೇ, ನಿಜ. ಆ ಸಣ್ಣ ಅಕ್ಷರಗಳನ್ನ ನೀವು ಓದಿದ್ದೀರಾ? 2025ರ ಅಕ್ಟೋಬರ್ 25ಕ್ಕೆ ಗೂಗಲ್ ತನ್ನ ಮೊದಲೆರಡು ತಲೆಮಾರಿನ ನೆಸ್ಟ್‌ಗಳಿಗೆ ಬೆಂಬಲ ನಿಲ್ಲಿಸಿತು. ಗೋಡೆ ಮೇಲೆ ತಿರುಗಿಸಿದರೆ ಕೆಲಸ ಮಾಡುತ್ತವೆ, ಫೋನಿನಿಂದ ಆಗಲ್ಲ. ಅಂದರೆ ದುಬಾರಿ ದುಂಡನೆಯ ಥರ್ಮೋಸ್ಟಾಟ್ ಆದವು.

ಆದರೆ ನನಗೆ ನಿಜವಾಗಿ ಚುಚ್ಚಿದ್ದು ಇದ್ಯಾವುದೂ ಅಲ್ಲ. ರಿಪೇರಿ ಆದ ಮೇಲೆ ಹೊಸ ಡಬ್ಬಿಯ ಇತಿಹಾಸ ತೆಗೆದು ನೋಡಿದೆ. ಪ್ರತಿದಿನ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆವರೆಗೆ 'ಮನೆಯಲ್ಲಿ ಯಾರೂ ಇಲ್ಲ', 62 ಡಿಗ್ರಿ. ನನ್ನ ಫೋನ್ ಆಫೀಸಿನಲ್ಲಿ, ಹೆಂಡತಿ ಫೋನ್ ಆಸ್ಪತ್ರೆ ಡ್ಯೂಟಿಯಲ್ಲಿ, ಹಾಲ್‌ನಲ್ಲಿ ಯಾರೂ ಓಡಾಡಲಿಲ್ಲ. ಹಾಗಾಗಿ ಯಾರೂ ಇಲ್ಲ. ಮಹಡಿ ಕೋಣೆಯಲ್ಲಿ ಎರಡು ಸ್ವೆಟರ್ ಹಾಕಿ, ಶಾಲು ಹೊದ್ದು ಕೂತಿದ್ದ ಅಮ್ಮ ಅದರ ಲೆಕ್ಕಕ್ಕೇ ಇಲ್ಲ. ಅವರ ಫೋನಿನಲ್ಲಿ ಆಪ್ ಇಲ್ಲವಲ್ಲ. ಹಳೇ ಡಬ್ಬಿಯದೂ ತೆಗೆದು ನೋಡಿದೆ. ಅಲ್ಲೂ ಅದೇ, ನವೆಂಬರಿನಿಂದ.

"ಯಾಕಮ್ಮ ಹೇಳಲಿಲ್ಲ?" ಅಂದೆ. "ಈ ದೇಶದಲ್ಲಿ ಮನೆಯೊಳಗೆ ಇಷ್ಟೇ ಬೆಚ್ಚಗಿರೋದು ಅಂದ್ಕೊಂಡೆ" ಅಂದ್ರು.

ಹೇಳಿ ಈಗ, ಯಾರು ಸ್ಮಾರ್ಟ್?

8/8

"ನೀವು ಟೆಕ್ನಾಲಜಿ ವಿರೋಧಿ" ಅಂತ ಬಂದಿರೋ ಮೆಸೇಜುಗಳಿಗೆ: ಅಲ್ಲ. ಡಿಸೆಂಬರಿನಲ್ಲಿ ನಾಲ್ಕು ವಾರ ಊರಿಗೆ ಹೋದಾಗ ಮನೆ 50ಕ್ಕಿಂತ ತಣ್ಣಗಾಗ್ತಿದೆ ಅಂತ ಫೋನಿಗೆ ಸುದ್ದಿ ಬರೋದು ದೊಡ್ಡ ಉಪಕಾರ. ಪೈಪು ಒಡೆದು ಮನೆ ಕೆರೆ ಆಗೋದು ತಪ್ಪುತ್ತೆ. ಆ ಕೆಲಸಕ್ಕೆ ಇಟ್ಟುಕೊಳ್ಳಿ. ಆದರೆ ಸುದ್ದಿ ಬಂದಾಗ ಒಳಗೆ ಹೋಗಿ ನೋಡೋಕೆ ಪಕ್ಕದ ಮನೆಯವರಿಗೆ ಕೀಲಿ ಕೊಟ್ಟಿರಿ. ಡಬ್ಬಿ ಮೆಟ್ಟಿಲಿಳಿಯಲ್ಲ.

ಹೀಟ್ ಪಂಪ್ ಇರೋರಿಗೆ: ನಾನು ಹೇಳಿದ ತಂತಿ ಲೆಕ್ಕ ನಿಮ್ಮಲ್ಲಿ ಬೇರೆ, ಸುಮ್ಮನೆ ಸೇರಿಸೋಕೆ ಹೋಗಬೇಡಿ. ರಾತ್ರಿ ತುಂಬಾ ಕೆಳಗಿಳಿಸಿ ಬೆಳಿಗ್ಗೆ ಒಮ್ಮೆಲೇ ಏರಿಸಿದರೆ ಕರೆಂಟ್ ನುಂಗೋ ಸಹಾಯಕ ಹೀಟರ್ ಹೊತ್ತಿ, ಉಳಿಸಿದ್ದೆಲ್ಲ ಹೋಗುತ್ತೆ.

ಬಾಡಿಗೆ ಮನೆಯ ಹುಡುಗರಿಗೆ, ಓದೋಕೆ ಬಂದಿರೋ ಮಕ್ಕಳಿಗೆ: ನೀವೇ ಬಿಚ್ಚೋಕೆ ಹೋಗಬೇಡಿ. ಮಿನ್ನೆಸೋಟದಲ್ಲಿ 2024ರಿಂದ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಕನಿಷ್ಠ 68 ಡಿಗ್ರಿ ಬಿಸಿ ಕೊಡೋದು ಮನೆ ಮಾಲೀಕರ ಕಾನೂನುಬದ್ಧ ಹೊಣೆ. 'ಆಪ್‌ನಲ್ಲಿ ಸರಿ ತೋರಿಸ್ತಿದೆಯಲ್ಲ' ಅಂದರೆ, ಒಂದು ಮಾಮೂಲಿ ಥರ್ಮಾಮೀಟರ್ ಕೋಣೆಯಲ್ಲಿಟ್ಟು, ಗಡಿಯಾರದ ಜೊತೆ ಫೋಟೋ ತೆಗೆದು ಬರವಣಿಗೆಯಲ್ಲಿ ಕಳಿಸಿ.

ನಮ್ಮ ಮನೆ ಸುದ್ದಿ: 'ಯಾರೂ ಇಲ್ಲ' ಅನ್ನೋ ಸೌಲಭ್ಯ ಆರಿಸಿದ್ದೀನಿ. ತಾನಾಗೇ ಕಲಿಯೋದನ್ನೂ ಆರಿಸಿದ್ದೀನಿ, ಕಲಿತಿದ್ದು ಸಾಕು. ಹಗಲು 70, ರಾತ್ರಿ 66. ಅಮ್ಮ ಏಪ್ರಿಲ್‌ನಲ್ಲಿ ಊರಿಗೆ ಹೋದ್ರು. ಈಗಲೂ ವಾರಕ್ಕೊಮ್ಮೆ ವಿಡಿಯೋ ಕಾಲ್‌ನಲ್ಲಿ ಮೊಮ್ಮಗಳ ಕೈಯಲ್ಲಿ ಫೋನ್ ಕೊಡಿಸಿ ಬೇಸ್‌ಮೆಂಟಿಗೆ ಕಳಿಸ್ತಾರೆ, ಕಿಂಡಿ ತೋರಿಸು ಅಂತ. ಮೊನ್ನೆ ನೋಡಿ, "ಹ್ಞೂಂ, ನೀಲಿ ಇದೆ" ಅಂದ್ರು.

ಕೊನೆಯ ಫೋಟೋ ನಮ್ಮ ಹಳೇ ಫಿಲ್ಟರ್. ಮೇಲಿರೋದು ಬೂದು ಕಂಬಳಿ ಅಲ್ಲ. ನಗಬೇಡಿ, ನಿಮ್ಮದನ್ನ ತೆಗೆದು ಫೋಟೋ ಹಾಕಿ ಟ್ಯಾಗ್ ಮಾಡಿ, ಆಮೇಲೆ ಮಾತಾಡೋಣ.

#ಮಿನ್ನೆಸೋಟಕನ್ನಡಿಗರು #ಚಳಿಗಾಲ #ಸಿತಂತಿ #ಉರಿಹತ್ತಿದೆಯಾ